ಹುಟ್ಟಿದ ತಿಂಗಳು ಮತ್ತು ಕಾಲ್ಚೆಂಡಾಟ

ಬಾಲಕರ ಕಾಲ್ಚೆಂಡಾಟದಲ್ಲಿ ಒಂದೇ ವರ್ಷದ ಅವಧಿಯಲ್ಲಿ ಜನಿಸಿದವರನ್ನು ಒಂದು ವರ್ಗವಾಗಿ ಗಣಿಸುವುದು ವಾಡಿಕೆ. ಬೆಲ್ಜಿಯಂ ದೇಶದಲ್ಲಿ ಈ ಗಣನೆ ಆಗಸ್ಟ್ 1ರಂದು ಆರಂಭವಾಗುತ್ತಿದ್ದಿತು. ಆಗಸ್ಟ್‌ನಲ್ಲಿ ಜನಿಸಿದವನಿಗೂ ಮರುವರ್ಷದ ಜುಲೈನಲ್ಲಿ ಜನಿಸಿದವನಿಗೂ ಸುಮಾರು 11 ತಿಂಗಳ ಅಂತರ. 10 ವರ್ಷದ ಬಾಲಕರಲ್ಲಿ ಇದು ಅಲ್ಪವೇ? ಹಿರಿಯನು ಎತ್ತರದಲ್ಲಿಯೂ ವೇಗದಲ್ಲಿಯೂ ಮುಂದಿರುವುದು ಸಹಜ. ಆಯ್ಕೆ ಮಾಡುವವರು ಆ ಬೆಳವಣಿಗೆಯನ್ನೇ ಪ್ರತಿಭೆಯೆಂದು ಭ್ರಮಿಸುವರು. 1997ರಲ್ಲಿ ಅಲ್ಲಿ ಗಣನೆಯ ಆರಂಭವನ್ನು ಜನವರಿ 1ಕ್ಕೆ ಬದಲಿಸಲಾಯಿತು. ಆ ವರ್ಷದಿಂದಲೇ ಆಗಸ್ಟ್ ಬಾಲಕರ ಮೇಲುಗೈ ತಪ್ಪಿ, ಜನವರಿಯಿಂದ ಮಾರ್ಚ್‌ವರೆಗೆ ಜನಿಸಿದವರು ಹೆಚ್ಚಾಗಿ ಆಯ್ಕೆಯಾದರು. ಪ್ರತಿಭೆಯೇ ಒಂದು ತಿಂಗಳಿನಿಂದ ಇನ್ನೊಂದಕ್ಕೆ ವಲಸೆ ಹೋಯಿತೆನ್ನಲಾದೀತೆ? ಒಮ್ಮೆ ಆಯ್ಕೆಯಾದವನಿಗೆ ಉತ್ತಮ ತರಬೇತಿ ದೊರೆತು ಅಂತರ ಇನ್ನಷ್ಟು ಹೆಚ್ಚುವುದು. ಅವಕಾಶ ದೊರೆಯದ ಕಿರಿಯರಲ್ಲಿ ಕೆಲವರು 12ನೆಯ ವಯಸ್ಸಿಗೇ ಆಟವನ್ನು ತೊರೆದುಬಿಡುವರು.