ಕ್ರಿಸ್‌ಮಸ್ ಅಡುಗೆಮನೆಯಲ್ಲಿ ನಿರ್ವಹಣೆಯ ಪಾಠ

ವ್ಯವಹಾರ ಅಧ್ಯಯನದಲ್ಲಿ ನಿರ್ವಹಣೆಯ ತತ್ವಗಳನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆ, ಕಚೇರಿ. ನನಗೆ ಆ ಪಾಠ ಸರಿಯಾಗಿ ಅರ್ಥವಾದದ್ದು ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯ ಅಡುಗೆಮನೆಯಲ್ಲಿ.

ಅವರು ಕೊಂಕಣಿ ಮಾತನಾಡುವ ಕ್ರೈಸ್ತರು. ಡಿಸೆಂಬರ್ ಬಂತೆಂದರೆ ಅಲ್ಲಿ ಕುಸ್ವಾರ್ ತಯಾರಿ. ಕುಸ್ವಾರ್ ಎಂದರೆ ಒಂದೇ ತಿಂಡಿಯಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಲಾಡು, ಕೇಕ್ ಎಲ್ಲ ಸೇರಿದ ಹಬ್ಬದ ತಟ್ಟೆ. ಅದು ನೆರೆಮನೆಗಳಿಗೂ ಹೋಗಬೇಕು. ನಮ್ಮ ಮನೆಗೆ ಕೊಡುವ ಕೇಕಿಗೆ ಆಂಟಿ ದ್ರಾಕ್ಷಿಯನ್ನು ರಮ್ ಬದಲು ಕಿತ್ತಳೆ ರಸದಲ್ಲಿ ಬೇರೆಯಾಗಿ ನೆನೆಸುತ್ತಾರೆ.

ಕಳೆದ ವರ್ಷ ಇದೆಲ್ಲವನ್ನೂ ಅವರು ಒಬ್ಬರೇ ಮಾಡಿದರು. 24ರ ರಾತ್ರಿ ಎಲ್ಲರೂ ಚರ್ಚಿಗೆ ಹೊರಟಾಗ ಸೊಂಟ ನೋವಿನಿಂದ ಏಳಲಾಗಲಿಲ್ಲ. ಬಲಿಪೂಜೆ ತಪ್ಪಿತು. ಮರುದಿನ ತಟ್ಟೆ ತಂದವರು ನನ್ನ ಅಮ್ಮಿಯ ಹತ್ತಿರ, "ಹಬ್ಬ ಎಲ್ಲರಿಗೂ ಆಯಿತು, ನನಗೊಬ್ಬಳಿಗೆ ಆಗಲಿಲ್ಲ" ಎಂದರು.

ಈ ಸಲ ಅವರ ಮಗಳು ಮತ್ತು ನಾನು ನೋಟ್ಸ್ ಹಿಡಿದುಕೊಂಡು ಕುಳಿತೆವು.

1. ಯೋಜನೆ: ಯಾವುದನ್ನು ಮಾಡಬೇಕು ಎನ್ನುವ ಮೊದಲು ಯಾವುದನ್ನು ಬಿಡಬಹುದು ಎಂದು ಕೇಳಿದೆವು. ಯಾವ ತಿಂಡಿ ಇಲ್ಲದಿದ್ದರೆ ಹಬ್ಬ ಅನ್ನಿಸುವುದಿಲ್ಲ ಎಂದು ಮನೆಯ ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳಿದರು. ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಕೇಕ್ ಉಳಿದವು. ಚಕ್ಕುಲಿ ಅಂಗಡಿಯಿಂದ ಬಂತು.

2. ಸಮಯ: ಹಬ್ಬದ ದಿನ ಬದಲಾಗುವುದಿಲ್ಲ. ಆದ್ದರಿಂದ 25ರಿಂದ ಹಿಂದಕ್ಕೆ ಎಣಿಸಿದೆವು. ಗಾಳಿಯಾಡದ ಡಬ್ಬಿಯಲ್ಲಿ ಹೆಚ್ಚು ದಿನ ಉಳಿಯುವ ಕಿಡಿಯೊ ಮೊದಲು, ತೆಂಗಿನಕಾಯಿ ಹೂರಣದ ನೆವ್ರಿ ಕೊನೆಗೆ.

3. ಕೆಲಸದ ವಿಭಜನೆ: ಹೆನ್ರಿ ಫೆಯೋಲ್ ಅವರು 1916ರಲ್ಲಿ ಪ್ರಕಟಿಸಿದ 14 ತತ್ವಗಳಲ್ಲಿ ಇದು ಮೊದಲನೆಯದು. ಅಂಕಲ್‌ಗೆ ಸಾಮಾನು ತರುವುದು, ಮಗಳಿಗೆ ಕೊಕ್ಕಿಸಾಂ, ತಮ್ಮನಿಗೂ ನನಗೂ ಕಿಡಿಯೊ.

4. ಅಧಿಕಾರ ಮತ್ತು ಜವಾಬ್ದಾರಿ: ನಾವು ಎಡವಿದ್ದು ಇಲ್ಲೇ. ಕಿಡಿಯೊ ಮಾಡಲು ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಬೇಕು. ನಮ್ಮವು ಸೊಟ್ಟಗಿದ್ದವು. ನಾವು ಎದ್ದು ಹೋದ ಮೇಲೆ ಆಂಟಿ ಅವನ್ನೆಲ್ಲ ಮುದ್ದೆ ಮಾಡಿ ಮತ್ತೆ ಸುತ್ತಲು ಕುಳಿತಿದ್ದರು! ಕೆಲಸ ಹಂಚಿದ್ದೆವು, ಆದರೆ "ಇಷ್ಟು ಸಾಕು" ಎಂದು ಹೇಳುವ ಅಧಿಕಾರ ಅವರ ಬಳಿಯೇ ಉಳಿದಿತ್ತು. ಜವಾಬ್ದಾರಿಗೆ ತಕ್ಕ ಅಧಿಕಾರ ಇರಬೇಕು ಎಂಬುದು ಫೆಯೋಲ್ ಅವರ ಎರಡನೆಯ ತತ್ವ. ಮಗಳು ಫೋರ್ಕ್ ಕಸಿದುಕೊಂಡು, "ಮಮ್ಮಿ, ಸೊಟ್ಟಗಿದ್ದರೆ ಇರಲಿ, ಈ ಸಲ ನೀವು ಪೂಜೆಗೆ ಬರಬೇಕು" ಎಂದಳು. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈ ತೊಳೆದುಕೊಂಡರು.

24ರ ರಾತ್ರಿ ಅವರು ಹೊಸ ಸೀರೆಯುಟ್ಟು ಚರ್ಚಿಗೆ ಹೋದರು. ನಮಗೆ ಬಂದ ತಟ್ಟೆಯಲ್ಲಿ ಸೊಟ್ಟ ಕಿಡಿಯೊಗಳಿದ್ದವು. ರುಚಿಯಲ್ಲಿ ಏನೂ ಕಡಿಮೆ ಇರಲಿಲ್ಲ.

ಆ ತಟ್ಟೆ ನೋಡುವಾಗ ನನಗೆ ನಮ್ಮ ಮನೆಯ ಚಾಂದ್ ರಾತ್ ನೆನಪಾಯಿತು. ನಾವೆಲ್ಲ ಪೇಟೆ ಸುತ್ತುವಾಗ ಅಮ್ಮಿ ಒಬ್ಬರೇ ಶೀರ್ ಖುರ್ಮಾಕ್ಕೆ ಬಾದಾಮಿ ಹೆಚ್ಚುತ್ತಿರುತ್ತಾರೆ. ಬರುವ ಈದ್‌ಗೆ ಆ ಕೆಲಸ ನನ್ನದು ಎಂದು ಹೇಳಿದ್ದೇನೆ. ಚೂರುಗಳು ದಪ್ಪಗಿದ್ದರೂ ಅಮ್ಮಿ ಮತ್ತೆ ಹೆಚ್ಚುವಂತಿಲ್ಲ.