ಭೂಮಿ ನಡುಗಿದ ಮೇಲೆ ಮಗುವಿನ ಮನಸ್ಸು

2021ರ ಅಕ್ಟೋಬರ್ ತಿಂಗಳಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಭೂಮಿಯು ಮೇಲಿಂದ ಮೇಲೆ ನಡುಗಿತು. 11ನೆಯ ತಾರೀಖಿನ ರಾತ್ರಿಯ ಕಂಪನವು 4.1ರಷ್ಟಿತ್ತು. ಜನರು ಮನೆಯೊಳಗೆ ಮಲಗಲು ಅಂಜಿದರು. ಅನೇಕರು ಊರನ್ನೇ ಬಿಟ್ಟರು. 1993ರ ಕಿಲ್ಲಾರಿ ಭೂಕಂಪವನ್ನು ನೆನೆದು ಹಿರಿಯರೇ ನಡುಗುವಾಗ ಮಕ್ಕಳ ಪಾಡೇನು? ಗೋಡೆಯ ಬಿರುಕು ಎಲ್ಲರಿಗೂ ಕಾಣುತ್ತದೆ. ಮಗುವಿನ ಅಂಜಿಕೆ ಹಾಗೆ ಕಾಣುವುದಿಲ್ಲ.

ಅಂಜಿದ ಮಗುವು "ನನಗೆ ಅಂಜಿಕೆಯಾಗಿದೆ" ಎಂದು ಹೇಳುವುದು ವಿರಳ. ಹೊಟ್ಟೆನೋವು ಎನ್ನುತ್ತದೆ. ರಾತ್ರಿ ಚೀರಿ ಏಳುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ರೂಢಿ ಮರಳುತ್ತದೆ, ತಾಯಿಯ ಸೆರಗು ಬಿಡುವುದಿಲ್ಲ. ದೊಡ್ಡ ಹುಡುಗನಾದರೆ ಸಿಟ್ಟಿಗೇಳುತ್ತಾನೆ ಇಲ್ಲವೆ ಪಾಠದಲ್ಲಿ ಮಂಕಾಗಿ ಕೂಡುತ್ತಾನೆ. ಇದನ್ನು ಸೋಮಾರಿತನವೆಂದು ಬಗೆದು ಬಡಿಯುವುದು ದೊಡ್ಡ ತಪ್ಪು. ಭೂಕಂಪವಷ್ಟೇ ಅಲ್ಲ, ಕಾಗಿಣಾ ನದಿಯ ನೆರೆ, ಮನೆಯಲ್ಲಿ ಸಾವು, ಹೊಡೆತಬಡಿತ ಇವುಗಳಿಂದಲೂ ಹೀಗಾಗುವುದುಂಟು.

ಶಾಲಾ ಮನಶ್ಶಾಸ್ತ್ರಜ್ಞರು ಇಂತಹ ಮಕ್ಕಳನ್ನು ಗುರುತಿಸಿ, ಆಟ ಚಿತ್ರಗಳ ಮೂಲಕ ಮಾತಿಗೆ ಎಳೆದು, ಶಿಕ್ಷಕರಿಗೂ ತಾಯಿತಂದೆಗಳಿಗೂ ದಾರಿ ತೋರಿಸುತ್ತಾರೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಅಂಥವರು ಸಿಗುವುದು ಕಷ್ಟ. ಆದರೂ ಅವರ ಕೆಲಸದ ಬಹುಭಾಗವನ್ನು ಮಾಸ್ತರರು ಮಾಡಬಲ್ಲರು. ಶಾಲೆಯನ್ನು ಬೇಗನೆ ತೆರೆದು ನಿತ್ಯದ ವೇಳೆಯಂತೆ ನಡೆಸತಕ್ಕದ್ದು. ನಾಳೆ ಏನಾಗುವುದೆಂದು ತಿಳಿದಿದ್ದರೆ ಮಗುವಿಗೆ ಅರ್ಧ ಧೈರ್ಯ ಬರುತ್ತದೆ. ನಡೆದುದನ್ನು ಹೇಳೆಂದು ಒತ್ತಾಯಿಸಬಾರದು. ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಬೇಕು. "ಇನ್ನು ಭೂಮಿ ನಡುಗುವುದೇ ಇಲ್ಲ" ಎಂದು ಸುಳ್ಳು ಭರವಸೆ ಕೊಡಬೇಡಿರಿ. ಮತ್ತೆ ನಡುಗಿದರೆ ತಲೆಗೆ ಕೈ ಹಿಡಿದು ಮೇಜಿನ ಕೆಳಗೆ ಕೂಡುವುದು, ನಿಂತ ಮೇಲೆ ಸಾಲಾಗಿ ಬಯಲಿಗೆ ಬರುವುದು ಇವನ್ನು ರೂಢಿ ಮಾಡಿಸಿರಿ. ಕೈಗೊಂದು ಕೆಲಸ ತಿಳಿದವನ ಅಂಜಿಕೆ ಇಳಿಯುತ್ತದೆ.

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಮಾಸ್ತರರಿಗೆ ಇನ್ನೊಂದು ಮಾತು. ಸುಣ್ಣಕಲ್ಲಿನ ಗಣಿಯಲ್ಲಿ ಮದ್ದು ಸಿಡಿಸಿದ ಸದ್ದು ನಮಗೆ ರೂಢಿಯಾಗಿದೆ. ಕಂಪನ ಕಂಡುಬಂದ ಮಗುವಿಗೆ ಅದೇ ಸದ್ದು ಆ ರಾತ್ರಿಯನ್ನು ಮರಳಿ ತರುತ್ತದೆ. ಸಿಡಿಸುವ ವೇಳೆ ಗೊತ್ತಿದ್ದರೆ ಮುಂಚೆಯೇ ತಿಳಿಸಿರಿ. ಬೆಚ್ಚಿದಾಗ ಪಕ್ಕದಲ್ಲಿ ಕುಳಿತು, ನಿಧಾನವಾಗಿ ಉಸಿರು ಬಿಡಿಸಿರಿ.

ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ನಿದ್ರೆ, ಊಟ, ಆಟ ಸರಿಹೋಗದಿದ್ದರೆ, ಇಲ್ಲವೆ ಮಗುವು ಸಾಯುವ ಮಾತಾಡಿದರೆ ಅಂದೇ, ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿತ ಕಟ್ಟಿಸಬೇಕೆಂದಿದ್ದರೆ ಕಟ್ಟಿಸಿರಿ, ಆದರೆ ಆಸ್ಪತ್ರೆಯ ದಾರಿ ತಪ್ಪಿಸಬೇಡಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ ಕರೆಯಬೇಕಾದ ಸಂಖ್ಯೆ 1098.