ಗುಡ್ಡದ ಜಮೀನಿನ ಹುಲ್ಲು ಸವರಲು ಎಷ್ಟು ದೊಡ್ಡ ಟ್ರಾಕ್ಟರ್ ಬೇಕು?

ಮುಂಗಾರು ಹಿಡಿದು ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ತೋಟದ ಬದಿ, ಬ್ಯಾಣ, ಬಾಣೆ, ರಸ್ತೆಯಂಚು ಎಲ್ಲೆಲ್ಲೂ ಹುಲ್ಲು ಸೊಂಟದೆತ್ತರಕ್ಕೆ ಬೆಳೆಯುತ್ತದೆ. ಕತ್ತಿ ಹಿಡಿದು ಸವರುವ ಆಳುಗಳು ಈಗ ಸಿಗುವುದು ದುರ್ಲಭ. ಆದ್ದರಿಂದ ಒಂದು ಸಣ್ಣ ಟ್ರಾಕ್ಟರ್ ಕೊಂಡು, ಅದರ ಹಿಂದೆ ಹುಲ್ಲು ಕೊಚ್ಚುವ ಸ್ಲ್ಯಾಷರ್ ಜೋಡಿಸಿಕೊಳ್ಳುವ ವಿಚಾರ ನಮ್ಮ ಅನೇಕ ಬೆಳೆಗಾರರಲ್ಲಿದೆ. ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಎಚ್.ಪಿ.?" ಎಂಬುದು.

ಬಯಲುಸೀಮೆಯ ಉಳುಮೆಗೆ ಈ ಪ್ರಶ್ನೆ ಸರಿ. ಗುಡ್ಡದ ಜಮೀನಿಗೆ ಮಾತ್ರ ಇದು ನಾಲ್ಕನೆಯ ಪ್ರಶ್ನೆಯಾಗಬೇಕು. ಮೊದಲನೆಯದು ಇಳಿಜಾರು, ಎರಡನೆಯದು ದಾರಿಯ ಅಗಲ, ಮೂರನೆಯದು ಯಂತ್ರ ಮಗುಚದೆ ನಿಲ್ಲುವ ಗುಣ, ಅನಂತರ ಅಶ್ವಶಕ್ತಿ. ಈ ಕ್ರಮ ತಪ್ಪಿದರೆ ಸಾಲದ ಹೊರೆ ಒಂದು ಕಡೆ, ಜೀವಕ್ಕೆ ಅಪಾಯ ಇನ್ನೊಂದು ಕಡೆ. ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಅಗೆಯುವುದಕ್ಕಿಂತ ಸವರುವುದು ಲೇಸು

ಅಡಿಕೆ ಮತ್ತು ಕಾಫಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ. ಅಗೆಯುವ ಯಂತ್ರ ಅವನ್ನು ಕಡಿಯುತ್ತದೆ. ಇಳಿಜಾರಿನಲ್ಲಿ ಸಡಿಲಗೊಂಡ ಮಣ್ಣು ಮುಂದಿನ ಜಡಿಮಳೆಗೆ ಹಳ್ಳ ಸೇರುತ್ತದೆ. ಹುಲ್ಲನ್ನು ನೆಲದಿಂದ 3-4 ಅಂಗುಲ ಬಿಟ್ಟು ಸವರಿದರೆ ಬುಡ ಮಣ್ಣನ್ನು ಹಿಡಿದಿರುತ್ತದೆ, ಕೊಯ್ದ ಹುಲ್ಲು ಹೊದಿಕೆಯಾಗುತ್ತದೆ. ಆದುದರಿಂದ ಗುಡ್ಡದ ಜಮೀನಿಗೆ ರೋಟವೇಟರ್ ಬೇಡ, ಸ್ಲ್ಯಾಷರ್ ಸಾಕು.

1. ಇಳಿಜಾರನ್ನು ಅಳೆಯಿರಿ

ಕಣ್ಣಂದಾಜು ಇಲ್ಲಿ ನಂಬಿಕೆಗೆ ಯೋಗ್ಯವಲ್ಲ. ದಿನವೂ ಹತ್ತಿಳಿಯುವ ಗುಡ್ಡ ನಮಗೆ ಇರುವುದಕ್ಕಿಂತ ಚಪ್ಪಟೆಯಾಗಿಯೇ ಕಾಣುತ್ತದೆ. 10 ಅಡಿ ಉದ್ದದ ನೇರವಾದ ರೀಪು, ಗಾರೆ ಕೆಲಸದವರ ರಸಮಟ್ಟ ಮತ್ತು ಅಳತೆಪಟ್ಟಿ ಇದ್ದರೆ ಸಾಕು. ರೀಪಿನ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಇಳುಕಲಿನ ಕಡೆಗೆ ಚಾಚಿ, ರಸಮಟ್ಟ ನೋಡಿ ಮಟ್ಟಸವಾಗಿ ಹಿಡಿಯಬೇಕು. ಕೆಳಗಿನ ತುದಿಯಿಂದ ನೆಲದವರೆಗಿನ ಎತ್ತರವನ್ನು ಅಂಗುಲಗಳಲ್ಲಿ ಅಳೆಯಬೇಕು.

12 ಅಂಗುಲದವರೆಗೆ ಬಂದರೆ ಇಳಿಜಾರು ಶೇಕಡ 10, ಅಂದರೆ ಸುಮಾರು 6 ಡಿಗ್ರಿ. ನೆಲ ಒಣಗಿದ್ದಾಗ ಯಾವ ಸಣ್ಣ ಟ್ರಾಕ್ಟರಾದರೂ ಇಲ್ಲಿ ಕೆಲಸ ಮಾಡೀತು.

12ರಿಂದ 24 ಅಂಗುಲ ಬಂದರೆ ಶೇಕಡ 10ರಿಂದ 20, ಅಂದರೆ 6ರಿಂದ 11 ಡಿಗ್ರಿ. ಇಲ್ಲಿ ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಟ್ರಾಕ್ಟರ್ ಬೇಕು. ನುರಿತ ಚಾಲಕನೂ ಬೇಕು.

24 ಅಂಗುಲ ದಾಟಿದರೆ ಟ್ರಾಕ್ಟರಿನ ಆಸೆಯನ್ನು ಬಿಡುವುದೇ ಒಳಿತು. ಕುಳಿತು ನಡೆಸುವ ಹುಲ್ಲುಯಂತ್ರಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 15 ಡಿಗ್ರಿ; ಅಂದರೆ ನಮ್ಮ ರೀಪಿನಲ್ಲಿ 32 ಅಂಗುಲ. ಆದರೆ ಆ ಮಿತಿ ಒಣಗಿದ, ಸಮನಾದ ಹುಲ್ಲುಹಾಸಿಗೆ ಹೇಳಿದ್ದು. ಗರಸು ಮಣ್ಣು, ಹಸಿ ಹುಲ್ಲು, ಹುತ್ತ, ಕೊಳೆತ ಕುಂಟೆಗಳಿರುವ ನಮ್ಮ ಗುಡ್ಡಕ್ಕೆ ಅದಕ್ಕಿಂತ ಕೆಳಗೇ ನಿಲ್ಲಬೇಕು. ಅಂತಹ ಜಾಗಕ್ಕೆ ಹೆಗಲಿಗೆ ಹಾಕಿಕೊಳ್ಳುವ ಕಳೆ ಕೊಚ್ಚುವ ಯಂತ್ರವೇ ತಕ್ಕುದು.

ಹತ್ತು ಕಡೆ ಅಳೆದು ಸರಾಸರಿ ತೆಗೆಯಬೇಡಿ. ಅತಿ ಕಡಿದಾದ ಜಾಗದ ಅಳತೆಯೇ ಲೆಕ್ಕಕ್ಕೆ. ಟ್ರಾಕ್ಟರ್ ತಿರುಗಿಸಬೇಕಾದ ಸ್ಥಳಗಳನ್ನೂ ಮರೆಯದೆ ಅಳೆಯಿರಿ.

2. ಯಂತ್ರ ಎಲ್ಲೆಲ್ಲಿ ನುಗ್ಗಬಲ್ಲದು?

ಅಡಿಕೆಗೆ ಶಿಫಾರಸಾದ ಅಂತರ 9 ಅಡಿಗೆ 9 ಅಡಿ. ಹಳೆಯ ತೋಟಗಳಲ್ಲಿ ಇದಕ್ಕಿಂತ ಒತ್ತು. ಕಣಿವೆಯ ತೋಟವಾದರೆ ಸಾಲುಗಳ ನಡುವೆ ಬಸಿಗಾಲುವೆಗಳಿರುತ್ತವೆ. ಕಾಗದದ ಮೇಲೆ ಅಗಲ ಸಾಕಾದರೂ ಕಾಲುವೆ ದಾಟುವುದು ಟ್ರಾಕ್ಟರಿಗೆ ಸಾಧ್ಯವಿಲ್ಲ. ಅರೇಬಿಕಾ ಕಾಫಿಯ ಅಂತರ 6-7 ಅಡಿ. ಗಿಡ ಹರಡಿದ ಮೇಲೆ ಅಲ್ಲಿ ಆಳು ನುಸುಳುವುದೇ ಕಷ್ಟ. ರೋಬಸ್ಟಾ 10 ಅಡಿಗೆ 10 ಅಡಿ ಇದ್ದರೂ ಬೆಳೆದ ತೋಟದಲ್ಲಿ ರೆಕ್ಕೆಗಳು ಕೂಡಿಕೊಂಡು ದಾರಿ ಮುಚ್ಚಿರುತ್ತದೆ.

ಇಂದು ಮಾರುಕಟ್ಟೆಯಲ್ಲಿ ಕಿರಿದಾದ ಯಂತ್ರಗಳೂ ಇವೆ. 2021ರಲ್ಲಿ ಬಂದ ಸ್ವರಾಜ್ ಕೋಡ್ ಸುಮಾರು 11 ಅಶ್ವಶಕ್ತಿಯದು, ಅಗಲ 890 ಮಿಲಿಮೀಟರ್, ಅಂದರೆ 3 ಅಡಿಗೂ ಕಡಿಮೆ. ಮಹೀಂದ್ರ ಯುವರಾಜ್ 215 ಎಂಬುದು 15 ಅಶ್ವಶಕ್ತಿಯದು. ಕುಬೋಟ ನಿಯೋಸ್ಟಾರ್‌ನಂತಹವು 24 ಮತ್ತು 27 ಅಶ್ವಶಕ್ತಿಯವಾಗಿದ್ದು ನಾಲ್ಕೂ ಚಕ್ರಗಳ ಚಾಲನೆ ಹೊಂದಿವೆ. ಆದರೆ ಕೊಳ್ಳುವ ಮೊದಲು ನಿಮ್ಮ ಜಮೀನಿನ ನಕ್ಷೆಯೊಂದನ್ನು ಬರೆದು, ಟ್ರಾಕ್ಟರ್ ನಿಜವಾಗಿ ಓಡಾಡಬಲ್ಲ ಭಾಗವನ್ನಷ್ಟೇ ಬಣ್ಣ ಹಚ್ಚಿ ನೋಡಿ. ಆರೆಂಟು ಎಕರೆ ಇರುವವರಿಗೂ ಬಣ್ಣ ಬೀಳುವುದು ಒಂದೆರಡು ಎಕರೆಗೆ ಮಾತ್ರ ಆಗಬಹುದು.

3. ಕಿರಿದು ನುಸುಳುತ್ತದೆ, ಆದರೆ ಬೇಗ ಮಗುಚುತ್ತದೆ

ಕಿರಿದಾದ ಟ್ರಾಕ್ಟರಿನ ಗುಣವೂ ದೋಷವೂ ಅದರ ಅಗಲವೇ. ಒಂದು ಲೆಕ್ಕ ನೋಡೋಣ. ಎಡಬಲ ಚಕ್ರಗಳ ನಡುವಿನ ಅಂತರ 30 ಅಂಗುಲ ಎನ್ನೋಣ. ಟ್ರಾಕ್ಟರ್ ಶೇಕಡ 15ರ ಇಳಿಜಾರಿಗೆ ಅಡ್ಡಲಾಗಿ ಹೋಗುತ್ತಿದೆ. ಹುಲ್ಲಿನ ಮರೆಯಲ್ಲಿದ್ದ 6 ಅಂಗುಲದ ಕಲ್ಲನ್ನು ಮೇಲ್ಬದಿಯ ಚಕ್ರ ಹತ್ತಿತು. 30ಕ್ಕೆ 6 ಎಂದರೆ ಶೇಕಡ 20. ಆ ಕ್ಷಣದಲ್ಲಿ ಯಂತ್ರದ ಓರೆ ಶೇಕಡ 35 ಆಯಿತು. ಅದೇ ಹೊತ್ತಿಗೆ ಕೆಳಬದಿಯ ಚಕ್ರ 6 ಅಂಗುಲದ ಗುಂಡಿಗೆ ಇಳಿದರೆ ಶೇಕಡ 55. ಇಲ್ಲಿಂದ ಮುಂದೆ ಟ್ರಾಕ್ಟರ್ ಚಾಲಕನ ಮಾತು ಕೇಳುವುದಿಲ್ಲ.

ಚಕ್ರಗಳ ಅಂತರ 48 ಅಂಗುಲವಿದ್ದಿದ್ದರೆ ಅದೇ ಕಲ್ಲು ಕೂಡಿಸುತ್ತಿದ್ದುದು ಶೇಕಡ 12.5 ಮಾತ್ರ. ಆದ್ದರಿಂದ ಸಾಲಿನೊಳಗೆ ನುಸುಳಬೇಕಾದ ಅಗತ್ಯವಿಲ್ಲದ, ತೆರೆದ ಬ್ಯಾಣವನ್ನು ಸವರುವವರು ಅಗಲವಾದ, ತಗ್ಗಾದ ಯಂತ್ರವನ್ನೇ ಆರಿಸಬೇಕು. ಚಕ್ರಗಳ ಅಂತರವನ್ನು ಹಿಗ್ಗಿಸುವ ಅನುಕೂಲವಿದ್ದರೆ ಹಿಗ್ಗಿಸಿಯೇ ಬಳಸಬೇಕು.

ನಾಲ್ಕು ಚಕ್ರಗಳ ಚಾಲನೆ ಹತ್ತುವುದಕ್ಕಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಇಳಿಯುವಾಗಲೇ ಅದರ ಉಪಯೋಗ ಹೆಚ್ಚು. ಸಾಮಾನ್ಯ ಟ್ರಾಕ್ಟರಿನಲ್ಲಿ ಬ್ರೇಕು ಹಿಡಿಯುವುದು ಹಿಂಚಕ್ರಗಳಿಗೆ. ಇಳಿಯುವಾಗ ಭಾರ ಮುಂದಕ್ಕೆ ವಾಲಿ ಹಿಂಚಕ್ರಗಳ ಹಿಡಿತ ಸಡಿಲವಾಗುತ್ತದೆ. ಹಸಿ ಹುಲ್ಲಿನ ಮೇಲೆ ಚಕ್ರ ನಿಂತರೂ ಟ್ರಾಕ್ಟರ್ ಜಾರುತ್ತಲೇ ಇರುತ್ತದೆ. ನಾಲ್ಕೂ ಚಕ್ರಗಳಿಗೆ ಚಾಲನೆ ಕೊಟ್ಟಿದ್ದರೆ ಮುಂದಿನ ಚಕ್ರಗಳೂ ತಡೆ ಒಡ್ಡುತ್ತವೆ.

ಆಸನದ ಹಿಂದೆ ನಿಲ್ಲುವ ಉಕ್ಕಿನ ರಕ್ಷಾ ಕಮಾನು ಮತ್ತು ಸೊಂಟಪಟ್ಟಿ ಇಲ್ಲದ ಟ್ರಾಕ್ಟರನ್ನು ಗುಡ್ಡಕ್ಕೆ ತರಲೇಬಾರದು. ಸ್ವೀಡನ್ ದೇಶ ಹೊಸ ಟ್ರಾಕ್ಟರುಗಳಿಗೆ ಈ ಕಮಾನನ್ನು 1959ರಲ್ಲೇ ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಅಲ್ಲಿ ಟ್ರಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ತೀರ ಇಳಿದುಹೋಯಿತು. ಕಮಾನು ನಿಂತಿರುವಾಗ ಸೊಂಟಪಟ್ಟಿ ಕಟ್ಟಲೇಬೇಕು. ಕೊಂಬೆಗೆ ತಾಗುತ್ತದೆಂದು ಕಮಾನನ್ನು ಮಡಚಿದ್ದರೆ ಅದು ಇಲ್ಲದಂತೆಯೇ; ಅಂತಹ ಸ್ಥಿತಿಯಲ್ಲಿ ಇಳಿಜಾರಿಗೆ ಹೋಗಬಾರದು.

ಪವರ್ ಟಿಲ್ಲರ್ ಇರುವವರಿಗೂ ಒಂದು ಮಾತು. ಇಳುಕಲಿನಲ್ಲಿ ಒಂದು ಬದಿಯ ತಿರುವು ಕ್ಲಚ್ ಹಿಡಿದರೆ ಆ ಬದಿಯ ಚಕ್ರ ಬಿಡುಗಡೆಯಾಗಿ ಇನ್ನೂ ವೇಗವಾಗಿ ಉರುಳುತ್ತದೆ. ಯಂತ್ರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಬಯಲಿನಲ್ಲಿ ಕಲಿತ ಕೈ ಗುಡ್ಡದಲ್ಲಿ ಮೋಸ ಹೋಗುವುದು ಇಲ್ಲಿಯೇ.

4. ಈಗ ಅಶ್ವಶಕ್ತಿಯ ಲೆಕ್ಕ

ಟ್ರಾಕ್ಟರ್, ಸ್ಲ್ಯಾಷರ್, ಚಾಲಕ ಎಲ್ಲ ಸೇರಿ 1,100 ಕಿಲೋ ಎನ್ನೋಣ. ಗಂಟೆಗೆ 3 ಕಿಲೋಮೀಟರಿನಂತೆ ಶೇಕಡ 20ರ ಏರು ಹತ್ತಲು ಸುಮಾರು 2.4 ಅಶ್ವಶಕ್ತಿ ಬೇಕು. ಮೆದು ನೆಲದಲ್ಲಿ ಚಕ್ರ ಉರುಳಲು ಇನ್ನೊಂದು. ಗೇರುಗಳಲ್ಲಿ, ಚಕ್ರ ಜಾರುವುದರಲ್ಲಿ ಸೋರಿಹೋಗುವುದೂ ಸೇರಿದರೆ 4ರಿಂದ 5 ಅಶ್ವಶಕ್ತಿ ಬರೀ ನಡಿಗೆಗೇ ವೆಚ್ಚವಾಗುತ್ತದೆ.

15 ಅಶ್ವಶಕ್ತಿಯ ಯಂತ್ರದಲ್ಲಿ ಉಳಿಯುವುದು 10 ಅಥವಾ 11. ಅದು ಹಿಂಬದಿಯ ಪಿ.ಟಿ.ಒ. ದಂಡಕ್ಕೆ ತಲುಪುವಾಗ ಸುಮಾರು 9 ಆಗುತ್ತದೆ. ಸ್ಲ್ಯಾಷರಿಗೆ ರೂಢಿಯ ಲೆಕ್ಕವೆಂದರೆ ಕೊಯ್ಯುವ ಅಗಲದ ಪ್ರತಿ ಅಡಿಗೆ ಮೆದು ಹುಲ್ಲಿಗಾದರೆ 3, ಲಂಟಾನದಂತಹ ಕುರುಚಲಿಗಾದರೆ 5 ಅಶ್ವಶಕ್ತಿ. ಆದ್ದರಿಂದ 15 ಅಶ್ವಶಕ್ತಿಗೆ 3 ಅಡಿ, 24-27 ಅಶ್ವಶಕ್ತಿಗೆ 4 ಅಡಿಯ ಸ್ಲ್ಯಾಷರ್ ಹೊಂದುತ್ತದೆ. ಸ್ಲ್ಯಾಷರಿನ ಅಗಲ ಹಿಂಚಕ್ರಗಳ ಹೊರ ಅಂಚನ್ನು ಮುಚ್ಚುವಷ್ಟಿದ್ದರೆ ಸಾಕು. ಅದಕ್ಕಿಂತ ಅಗಲವಾದದ್ದನ್ನು ಸಣ್ಣ ಟ್ರಾಕ್ಟರಿಗೆ ಕಟ್ಟಿದರೆ ಹಿಂದೆ ಭಾರ ಹೆಚ್ಚಿ, ಏರು ಹತ್ತುವಾಗ ಮುಂಭಾಗ ಎದ್ದೇಳುತ್ತದೆ.

5. ವರ್ಷಕ್ಕೆ ಎಷ್ಟು ಗಂಟೆ?

ಹಣ ಕೊಡುವ ಮುನ್ನ ಕೊನೆಯ ಲೆಕ್ಕ ಇದು. ಒಬ್ಬ ಬೆಳೆಗಾರರಿಗೆ 6 ಎಕರೆ ಇದೆ ಎನ್ನೋಣ. ಅದರಲ್ಲಿ ಎರಡು ಎಕರೆ ಕಾಲುವೆಗಳಿರುವ ಅಡಿಕೆ ತೋಟ, ಎರಡು ಎಕರೆ ಬೆಳೆದ ಕಾಫಿ. ಇವೆರಡಕ್ಕೂ ಟ್ರಾಕ್ಟರ್ ನುಗ್ಗದು. ಒಂದೂವರೆ ಎಕರೆ ಬ್ಯಾಣ ಮತ್ತು ಅರ್ಧ ಎಕರೆ ರಸ್ತೆಯಂಚು, ಅಂಗಳದ ಬದಿ ಸೇರಿ ಟ್ರಾಕ್ಟರಿಗೆ ಸಿಗುವುದು 2 ಎಕರೆ.

4 ಅಡಿಯ ಸ್ಲ್ಯಾಷರ್ ಗಂಟೆಗೆ 3 ಕಿಲೋಮೀಟರಿನಂತೆ ಸಾಗಿದರೆ, ತಿರುವು ಮತ್ತು ತಡೆಗಳನ್ನು ಕಳೆದು, ಗಂಟೆಗೆ ಅರ್ಧ ಎಕರೆ ಮುಗಿಸುತ್ತದೆ. 3 ಅಡಿಯದು ಎರಡೂವರೆ ಕಿಲೋಮೀಟರಿನಂತೆ ಸಾಗಿದರೆ ಮೂರನೇ ಒಂದು ಎಕರೆ. ಎರಡು ಎಕರೆಗೆ ದೊಡ್ಡದಕ್ಕೆ 4 ಗಂಟೆ, ಸಣ್ಣದಕ್ಕೆ 6 ಗಂಟೆ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮಳೆಗಾಲದ ಹೊಳವಿನಲ್ಲಿ ನೆಲ ಆರಿದಾಗ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ, ಹೀಗೆ ಮೂರು ಸಲ ಸವರಿದರೆ ವರ್ಷಕ್ಕೆ ಒಂದು 12 ಗಂಟೆ, ಇನ್ನೊಂದು 18 ಗಂಟೆ. ವ್ಯತ್ಯಾಸ ಆರೇ ಗಂಟೆ! ಆ ಆರು ಗಂಟೆಗಾಗಿ ದೊಡ್ಡ ಯಂತ್ರದ ಹೆಚ್ಚಿನ ಬೆಲೆಗೆ ಬಡ್ಡಿ ಕಟ್ಟುವುದು ಯೋಗ್ಯವೇ ಎಂದು ಪ್ರತಿಯೊಬ್ಬರೂ ಯೋಚಿಸಬೇಕು. ಇಳಿಜಾರಿಗೆ ನಾಲ್ಕು ಚಕ್ರಗಳ ಚಾಲನೆ ಬೇಕೆಂಬ ಕಾರಣಕ್ಕೆ ದೊಡ್ಡದನ್ನು ಕೊಳ್ಳುವುದು ಬೇರೆ ಮಾತು. ಅದು ಸುರಕ್ಷತೆಯ ಬೆಲೆ.

ಬರೀ ಹುಲ್ಲಿಗಾಗಿ ಇಬ್ಬರೂ ಟ್ರಾಕ್ಟರ್ ಕೊಳ್ಳಬೇಕಾಗಿಲ್ಲ. ಗೊಬ್ಬರ ಸಾಗಣೆ, ಅಡಿಕೆ ಗೊನೆ ತರುವುದು, ಬೋರ್ಡೊ ದ್ರಾವಣದ ಪಂಪು ಓಡಿಸುವುದು ಮುಂತಾದ ಕೆಲಸಗಳೂ ಸೇರಿದರೆ ಮಾತ್ರ ಬಂಡವಾಳ ದುಡಿಯುತ್ತದೆ. ಇಲ್ಲವಾದರೆ ನೆರೆಯ ನಾಲ್ಕೈದು ಮನೆಯವರು ಕೂಡಿ ಒಂದನ್ನು ಕೊಂಡು, ಸರದಿಯನ್ನು ಮಳೆಗಾಲಕ್ಕೆ ಮೊದಲೇ ಬರೆದಿಟ್ಟುಕೊಳ್ಳಬಹುದು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೇ ಬಾಡಿಗೆಗೆ ಯಂತ್ರ ಒದಗಿಸುವುದು. ಸಹಾಯಧನದ ವಿಚಾರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೊಳ್ಳುವ ಮುನ್ನವೇ ಕೇಳಿ ತಿಳಿಯಿರಿ.

6. ನಡೆಸುವಾಗ ಪಾಲಿಸಬೇಕಾದ ನಿಯಮಗಳು

ಅ) ಮೊದಲು ನಡೆದು ನೋಡಿ ಕಲ್ಲು, ಕುಂಟೆ, ತಂತಿಗಳನ್ನು ತೆಗೆಯಿರಿ, ತೆಗೆಯಲಾಗದ್ದಕ್ಕೆ ಗೂಟ ನೆಟ್ಟು ಗುರುತಿಡಿ.

ಆ) ಏರುಪೇರಿನ ಜಾಗದಲ್ಲಿ ನೇರವಾಗಿ ಹತ್ತಿ ನೇರವಾಗಿ ಇಳಿಯಿರಿ, ಅಡ್ಡ ಹೋಗಬೇಡಿ. ಹತ್ತುವಾಗ ಮುಂಭಾಗ ಹಗುರವೆನಿಸಿದರೆ ಹಿಮ್ಮುಖವಾಗಿ ಹತ್ತಿ, ಮುಮ್ಮುಖವಾಗಿ ಇಳಿಯುತ್ತ ಸವರಿ.

ಇ) ಸಣ್ಣ ಗೇರಿನಲ್ಲೇ ಇಳಿಯಿರಿ. ಇಳುಕಲಿನ ನಡುವೆ ಕ್ಲಚ್ ಒತ್ತಬೇಡಿ, ಗೇರ್ ಬದಲಾಯಿಸಬೇಡಿ. ಎರಡೂ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಬೇಕು.

ಈ) ಹತ್ತುವಾಗ ಚಕ್ರ ಹೂತುಹೋದರೆ ಮುಂದಕ್ಕೆ ಜಗ್ಗಿಸಬೇಡಿ. ಟ್ರಾಕ್ಟರ್ ಹಿಮ್ಮಗುಚಲು ಎರಡು ಸೆಕೆಂಡೂ ಬೇಕಿಲ್ಲ. ಹಿಂದಕ್ಕೇ ಇಳಿಸಿ.

ಉ) ಕಾಲುವೆ ಅಥವಾ ಧರೆಯ ಅಂಚಿನಿಂದ, ಅದು ಎಷ್ಟು ಆಳವಿದೆಯೋ ಕನಿಷ್ಠ ಅಷ್ಟು ದೂರವಿರಿ. ಮಳೆಯಲ್ಲಿ ನೆನೆದ ಅಂಚು ಚಕ್ರದ ಭಾರಕ್ಕೆ ಕುಸಿಯುತ್ತದೆ.

ಊ) ಪಿ.ಟಿ.ಒ. ದಂಡದ ಕವಚ ಮತ್ತು ಸ್ಲ್ಯಾಷರಿನ ಸರಪಳಿ ಪರದೆ ಇಲ್ಲದೆ ನಡೆಸಬೇಡಿ. ಸಿಡಿದ ಕಲ್ಲು ದೂರದಲ್ಲಿದ್ದವರಿಗೂ ತಗಲುತ್ತದೆ. ಮಕ್ಕಳನ್ನೂ ದನಕರುಗಳನ್ನೂ ಹತ್ತಿರ ಬಿಡಬೇಡಿ. ಟ್ರಾಕ್ಟರಿನ ಮೇಲೆ ಎರಡನೆಯವರನ್ನು ಕೂರಿಸಲೇಬೇಡಿ.

ಕೊಳ್ಳಲು ಹೊರಟಾಗ ಇಳಿಜಾರಿನ ಅಂಗುಲ, ದಾರಿಯ ಅಗಲ, ಸವರಬಹುದಾದ ಎಕರೆ, ವರ್ಷದ ಗಂಟೆ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಯಂತ್ರವನ್ನು ಅಂಗಡಿಯ ಕಾಂಕ್ರೀಟು ನೆಲದ ಮೇಲೆ ನೋಡಿ ಒಪ್ಪಬೇಡಿ. ನಿಮ್ಮ ಜಮೀನಿಗೇ ತರಿಸಿ, ಸ್ಲ್ಯಾಷರ್ ಕಟ್ಟಿ, ಮೊದಲು ತೀರ ಚಪ್ಪಟೆಯಾದ ಜಾಗದಲ್ಲಿ, ಅನಂತರ ನೀವು ಅಳೆದು ಮಿತಿಯೊಳಗಿದೆ ಎಂದು ಖಚಿತಪಡಿಸಿಕೊಂಡ ಇಳಿಜಾರಿನಲ್ಲಿ ಓಡಿಸಿ ತೋರಿಸಲು ಹೇಳಿ. ಅದಕ್ಕೆ ಒಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಲಾಭ.